ಖಾಲಿ ಇದೆಯೇ ಎಂದು ಕೇಳಿದ್ದಕ್ಕೆ

ನಮ್ಮವರಿಗೆ ಅಕ್ಷರದ ಹುಚ್ಚು. ಕಥೆ ಕವನ ಬರೆಯುವ ಹುಚ್ಚು ಎಂದುಕೊಳ್ಳಬೇಡಿ, ಬೋರ್ಡು ಬರೆಯುವ ಹುಚ್ಚು. ಔಷಧಿ ಅಂಗಡಿ, ಹಿಟ್ಟಿನ ಗಿರಣಿ, ವಕೀಲರ ಮನೆಯ ಗೇಟು, ಶಾಲೆಯ ಕಾಂಪೌಂಡು, ಊರಿನಲ್ಲಿ ಎಲ್ಲೆಲ್ಲಿ ಕೈಯಲ್ಲಿ ಬರೆದ ಅಕ್ಷರ ಇನ್ನೂ ಉಳಿದಿದೆಯೋ ಅದೆಲ್ಲ ಇವರದೇ. ಜನ ಇವರನ್ನು ಬೋರ್ಡಣ್ಣ ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಯಾರಾದರೂ ನನ್ನನ್ನು ‘ಬೋರ್ಡಣ್ಣನ ಹೆಂಡತಿ’ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಈಗ ಅಭ್ಯಾಸವಾಗಿದೆ.

ಇವರ ಜೊತೆ ಬೀದಿಯಲ್ಲಿ ನಡೆಯುವುದೇ ಒಂದು ಶಿಕ್ಷೆ. ಪ್ರತಿ ಬೋರ್ಡಿನ ಎದುರೂ ನಿಲ್ಲುತ್ತಾರೆ. ತಪ್ಪು ಕಂಡರಂತೂ ಮುಗಿಯಿತು, ಲೊಚ್ ಲೊಚ್ ಎಂದು ಲೊಚಗುಟ್ಟುತ್ತಾರೆ.

“ನೋಡೇ ಆ ‘ಳ’ನ. ಹೊಟ್ಟೆನೋವು ಬಂದವರ ಹಾಗೆ ಮುದುರ್ಕೊಂಡಿದೆ.”

“ನಿಮ್ಮ ‘ಳ’ ಹಾಳಾಗಿ ಹೋಗ್ಲಿ, ನೆತ್ತಿ ಸುಡ್ತಿದೆ, ನಡೀರಿ” ಎಂದು ನಾನು ರಟ್ಟೆ ಹಿಡಿದು ಎಳೆಯಬೇಕು.

ಯಂತ್ರದಲ್ಲಿ ಅಚ್ಚಾಗುವ ಬೋರ್ಡು ಬಂದ ಮೇಲೆ ಕೆಲಸ ಕಡಿಮೆಯಾಯಿತು. ಗಾಡಿಯ ನಂಬರು, ಮನೆಯ ಹೆಸರು, ಅದು ಬಿಟ್ಟರೆ ಪುರಸಭೆ. ಪುರಸಭೆಯವರು ತಮ್ಮ ಕಟ್ಟಡಗಳಿಗೆಲ್ಲ ತಗಡಿನ ಬೋರ್ಡು ಬರೆಸಿದರು. ‘ಈ ಸ್ವತ್ತು ಪುರಸಭೆಗೆ ಸೇರಿದ್ದು. ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ.’ ಇದನ್ನೇ ಬರೆದೂ ಬರೆದೂ ಇವರು ನಿದ್ದೆಯಲ್ಲೂ ಬೆರಳಿನಿಂದ ಹಾಸಿಗೆಯ ಮೇಲೆ ‘ನಿಷೇಧ’ ಬರೆಯುತ್ತಿದ್ದರು. ನನ್ನನ್ನು ಮುಟ್ಟಬೇಡ ಎನ್ನುತ್ತಿದ್ದಾರೋ ಏನೋ ಎಂದು ನಾನು ಛೇಡಿಸುತ್ತಿದ್ದೆ.

ಇವರ ಕಾರ್ಖಾನೆ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಬಣ್ಣದ ಡಬ್ಬಿ, ಟರ್ಪೆಂಟೈನು, ಒಣಗಲು ಗೋಡೆಗೆ ಒರಗಿಸಿದ ತಗಡುಗಳು, ಗೆರೆ ಹೊಡೆಯುವ ದಾರ. ಆ ವಾಸನೆಯಲ್ಲೇ ಬಾಳಿ ನನ್ನ ಮೂಗು ಸತ್ತುಹೋಗಿತ್ತು. ಆದರೆ ಮಗಳು ಬಾಣಂತನಕ್ಕೆ ಕೂಸಿನ ಜೊತೆ ಬಂದಳಲ್ಲ, ಕೂಸು ಸೀನಿದ್ದೇ ಸೀನಿದ್ದು. ಉಸಿರಾಡುವಾಗ ಎದೆಯಲ್ಲಿ ಗೊರ ಗೊರ. ಈ ವಾಸನೆ ಇರುವ ಮನೆಯಲ್ಲಿ ಮಗು ಇರಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮಗುವನ್ನು ಕಳಿಸಲಾಗುತ್ತದೆಯೇ? ಬಣ್ಣವನ್ನೇ ಕಳಿಸಬೇಕು. ಎಲ್ಲಾದರೂ ಒಂದು ಕೋಣೆ ನೋಡಿಕೊಳ್ಳಿ ಎಂದು ದಿನಾ ಇವರ ಪ್ರಾಣ ತಿಂದವಳು ನಾನೇ.

“ಪುರಸಭೆಯ ಎಷ್ಟು ಕಟ್ಟಡ ಬೀಗ ಹಾಕ್ಕೊಂಡು ಬಿದ್ದಿವೆ ಅಂತ ನನಗೆ ಗೊತ್ತಿಲ್ವೇನೇ? ಬೋರ್ಡು ಬರೆದವನು ನಾನು. ಒಂದು ಕೋಣೆ ಬಾಡಿಗೆಗೆ ಕೊಡಲ್ವಾ?” ಎಂದು ಠೀವಿಯಿಂದ ಹೋದರು.

ಸ್ವತ್ತುಗಳನ್ನು ನೋಡಿಕೊಳ್ಳುವ ಗುಮಾಸ್ತ ತಲೆಯನ್ನೂ ಎತ್ತಲಿಲ್ಲವಂತೆ. “ಖಾಲಿ ಯಾವುದೂ ಇಲ್ಲ” ಎಂದು ಫೈಲಿಗೇ ಹೇಳಿದನಂತೆ. ಇವರು ಧುಮುಗುಟ್ಟುತ್ತ ಬಂದು ಚಪ್ಪಲಿಯನ್ನು ಒಂದೊಂದು ಮೂಲೆಗೆ ಎಸೆದರು. ಅದನ್ನು ಜೋಡಿಸಿಟ್ಟವಳು ನಾನು.

ಬೀದಿಯ ತುದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು ಇವರ ಸ್ನೇಹಿತ. ಅವನಿಗೆ ಕಾನೂನೆಲ್ಲ ಬಾಯಿಪಾಠ, ದಿನಾ ಅರ್ಜಿಗಳನ್ನೇ ನಕಲು ಮಾಡುತ್ತಾನಲ್ಲ.

“ಬಾಯಲ್ಲಿ ಕೇಳಿದ್ರೆ ಬಾಯಲ್ಲೇ ಇಲ್ಲ ಅಂತಾರೆ ಅಣ್ಣ. ಬರೆದು ಕೇಳಿ. ಮಾಹಿತಿ ಹಕ್ಕು ಅಂತ ಒಂದಿದೆ, ಉತ್ತರ ಕೊಡಲೇಬೇಕು. ಒಂದೇ ಕಟ್ಟಡ ಕೇಳ್ಬೇಡಿ, ಎಲ್ಲಾನೂ ಕೇಳಿ. ಆಗ ಗೊತ್ತಾಗುತ್ತೆ ಯಾವ್ಯಾವುದನ್ನ ಮುಚ್ಚಿಟ್ಟಿದ್ದಾರೆ ಅಂತ” ಎಂದು ಹುರಿದುಂಬಿಸಿದ.

ಅವತ್ತು ಇವರು ಅರ್ಜಿ ಬರೆದದ್ದನ್ನು ನೋಡಬೇಕಿತ್ತು. ಮೊದಲು ಪೆನ್ಸಿಲಿನಲ್ಲಿ ತೆಳ್ಳಗೆ ಗೆರೆ, ಆಮೇಲೆ ಅಂಚು, ಆಮೇಲೆ ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ, ಕೊನೆಗೆ ರಬ್ಬರಿನಿಂದ ಗೆರೆ ಅಳಿಸಿ ಊದುವುದು. ‘ಪುರಸಭೆಗೆ ಸೇರಿದ ಕಟ್ಟಡಗಳಲ್ಲಿ ಸದ್ಯ ಖಾಲಿ ಇರುವಂಥವು ಯಾವುವೆಂಬ ಮಾಹಿತಿಯನ್ನು ಒದಗಿಸಬೇಕಾಗಿ ಕೋರಿಕೆ.’ ಆ ‘ಖಾಲಿ’ಯನ್ನು ಸ್ವಲ್ಪ ದಪ್ಪಗೆ ಬರೆದಿದ್ದರು. ನನಗೆ ಗಟ್ಟಿಯಾಗಿ ಓದಿ ತೋರಿಸಿದರು.

“ಹೇಗಿದೆ?”

“ಮದುವೆ ಕಾಗದ ಇದ್ದ ಹಾಗಿದೆ” ಎಂದೆ. ಹಿಗ್ಗಿ ಹೀರೆಕಾಯಿಯಾದರು.

ಉತ್ತರ ಬಂತು. ಸಹಿ, ಮೊಹರು ಎಲ್ಲ ಇತ್ತು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಕೂತಿದ್ದೆ, ಇವರು ನಿಂತುಕೊಂಡೇ ಓದತೊಡಗಿದರು. ನೀರಿನ ಟ್ಯಾಂಕಿನ ಪಕ್ಕದ ಶೆಡ್ಡು, ಖಾಲಿ. ಹಳೆಯ ತೂಕದ ಮನೆ, ಖಾಲಿ. ಹಳೆಯ ಹೆರಿಗೆ ಆಸ್ಪತ್ರೆ, ಖಾಲಿ.

“ಹೆರಿಗೆ ಆಸ್ಪತ್ರೆ ಕಣೇ! ಇಲ್ಲೇ, ಕೂಗಿದರೆ ಕೇಳೋವಷ್ಟು ಹತ್ತಿರ. ಮುಂದಿನ ಹಜಾರಕ್ಕೆ ಎಷ್ಟು ದೊಡ್ಡ ಕಿಟಕಿ ಗೊತ್ತಾ? ಬಣ್ಣ ಎರಡೇ ದಿನಕ್ಕೆ ಒಣಗುತ್ತೆ. ಖಾಲಿ ಯಾವುದೂ ಇಲ್ಲ ಅಂದ್ನಲ್ಲ ಆ ಮಹಾರಾಯ!”

“ಅಲ್ಲಿ ಆಯಮ್ಮ ಇದ್ದಾಳಲ್ರೀ” ಎಂದೆ.

ಇವರ ಮುಖ ಇದ್ದಕ್ಕಿದ್ದಂತೆ ಸಪ್ಪೆಯಾಯಿತು. ಕಾಗದ ಹಿಡಿದ ಕೈ ಹಾಗೆಯೇ ನಿಂತಿತು.

ಆಯಮ್ಮ ಎಂದರೆ ಹೆರಿಗೆ ಆಸ್ಪತ್ರೆಯ ಆಯಾ. ನಮ್ಮ ಬೀದಿಯ ಮಕ್ಕಳೆಲ್ಲ ಮೊದಲು ಅತ್ತದ್ದು ಅವಳ ಕೈಯಲ್ಲಿ. ನನ್ನ ಮಗಳೂ ಅಷ್ಟೇ. ನಾನು ಇನ್ನು ಆಗೋದಿಲ್ಲ ಎಂದು ಕಿರುಚುತ್ತಿದ್ದಾಗ, “ಆಗ್ದೇ ಇದ್ರೆ ಎದ್ದು ಮನೆಗೆ ಹೋಗ್ತೀಯಾ? ಸುಮ್ನೆ ಉಸಿರು ಕಟ್ಟಿ ಮುಕ್ಕು” ಎಂದು ಗದರಿದವಳು ಅವಳು. ಆಸ್ಪತ್ರೆ ದೊಡ್ಡ ರಸ್ತೆಯ ಹೊಸ ಕಟ್ಟಡಕ್ಕೆ ಹೋದಾಗ ಆಯಮ್ಮನ ನೌಕರಿಯ ಅವಧಿಯೂ ಮುಗಿದಿತ್ತು. ಗಂಡ ಇಲ್ಲ, ಮಕ್ಕಳಿಲ್ಲ. ಆಗಿನ ಲೇಡಿ ಡಾಕ್ಟರು, ಹಿಂದಿನ ಕೋಣೆಯಲ್ಲಿ ಇದ್ದುಕೋ, ಕಟ್ಟಡ ನೋಡಿಕೊಂಡ ಹಾಗೂ ಆಗುತ್ತದೆ ಎಂದಿದ್ದರಂತೆ. ಬಾಯಿಮಾತು, ಅಷ್ಟೇ. ಕತ್ತರಿ, ಚಿಮಟಗಳನ್ನು ಕುದಿಸುತ್ತಿದ್ದ ಆ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ ಇಟ್ಟುಕೊಂಡು ಅವಳು ಅಲ್ಲೇ ಉಳಿದಳು. ಅಂಗಳ ಗುಡಿಸುತ್ತಿದ್ದಳು. ಒಗೆದ ಬಟ್ಟೆ ಹರವಿದ ತಂತಿ ಬೀದಿಗೇ ಕಾಣುತ್ತಿತ್ತು.

ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಇವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆ ಗೇಟಿಗೆ ಬೋರ್ಡು ತೂಗುಹಾಕಲು ಹೋದಾಗ ಹತ್ತಲು ಸ್ಟೂಲು ತಂದುಕೊಟ್ಟವಳೇ ಆಯಮ್ಮ. ಇವರು ತಂತಿ ಬಿಗಿಯುವಷ್ಟು ಹೊತ್ತು ಸ್ಟೂಲಿನ ಕಾಲು ಹಿಡಿದುಕೊಂಡು ನಿಂತಿದ್ದಳಂತೆ. ಆಮೇಲೆ ಚಹಾ ಕೊಟ್ಟು, ಏನಪ್ಪಾ ಬರೆದಿದ್ದೀಯಾ ಎಂದು ಕೇಳಿದ್ದಳು, ಅವಳಿಗೆ ಓದಲು ಬರುವುದಿಲ್ಲ. ಇದು ಪುರಸಭೆಯ ಸ್ವತ್ತು ಅಂತ ಬರೆದಿದೆ ಎಂದು ಇವರು ಮೊದಲ ಸಾಲು ಮಾತ್ರ ಓದಿ ಹೇಳಿದ್ದರು. ಎರಡನೆಯದನ್ನು ಓದಲು ಬಾಯಿ ಬರಲಿಲ್ಲ ಕಣೇ ಎಂದು ಅವತ್ತೇ ನನ್ನ ಹತ್ತಿರ ಹೇಳಿ ನಕ್ಕಿದ್ದರು.

“ನಾನು ಅವಳನ್ನ ಮರೆತೇಬಿಟ್ಟೆನಲ್ಲೇ. ಖಾಲಿ ಅಂತ ಬರೆಯುವಾಗ ಆ ಕಟ್ಟಡವೂ ಕಣ್ಣ ಮುಂದೆ ಬಂತು. ಕಿಟಕಿ ಬಂತು, ಹಜಾರ ಬಂತು. ಅವಳು ಬರಲಿಲ್ಲ” ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಅರ್ಜಿ ಕೇಳಿಸಿಕೊಂಡು ಹೊಗಳಿದ್ದ ನನಗೂ ಅವಳು ನೆನಪಾಗಿರಲಿಲ್ಲ, ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

“ಈಗ ಸುಮ್ಮನಿದ್ದುಬಿಡಿ. ಆ ಕಾಗದ ಪೆಟ್ಟಿಗೆಗೆ ಹಾಕಿ. ಕೆದಕೋಕೆ ಹೋಗ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಕೇಳುವ ಜನವೇ? ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಮೂರು ಮೈಲಿ ಹೋಗಿ ಅಳಿಸಿ ಬರೆದು ಬರುವವರು. “ತಪ್ಪು ಕಂಡ ಮೇಲೆ ಹಾಗೇ ಬಿಡಬಾರದು ಕಣೇ. ಖಾಲಿ ಅನ್ನೋದನ್ನ ಹೊಡೆದು ಹಾಕಿಸ್ತೀನಿ” ಎಂದು ಮರುದಿನವೇ ಪುರಸಭೆಗೆ ಹೋದರು.

ಅಲ್ಲಿ ಆದದ್ದನ್ನು ಆಮೇಲೆ ನನಗೆ ಹೇಳುವಾಗ ಇವರ ನಾಲಿಗೆ ತೊದಲುತ್ತಿತ್ತು.

“ಸಾರ್, ಹೆರಿಗೆ ಆಸ್ಪತ್ರೆ ಖಾಲಿ ಇಲ್ಲ. ಅಲ್ಲೊಬ್ರು ಇದ್ದಾರೆ. ಪಟ್ಟಿಯಿಂದ ತೆಗೀಬೇಕಿತ್ತು” ಎಂದರಂತೆ.

ಗುಮಾಸ್ತ ಅವತ್ತು ತಲೆ ಎತ್ತಿದ. “ಇದ್ದಾರಾ? ಯಾರ ಅಪ್ಪಣೆ ಮೇಲೆ?”

“ಅದು... ಸುಮಾರು ವರ್ಷದಿಂದ ಇದ್ದಾರೆ. ಪಾಪ, ವಯಸ್ಸಾದವಳು.”

“ನೋಡಿ ಸ್ವಾಮಿ, ನಮ್ಮ ಕಾಗದದಲ್ಲಿ ಖಾಲಿ ಅಂತಿದೆ. ನೀವು ಕೇಳಿದ್ರಿ, ಖಾಲಿ ಅಂತ ಸಹಿ ಹಾಕಿ ಕೊಟ್ಟಿದ್ದೀವಿ. ಈಗ ಅಲ್ಲ ಅಂದ್ರೆ ಸುಳ್ಳು ಮಾಹಿತಿ ಕೊಟ್ಟ ಹಾಗಾಗುತ್ತೆ, ನನ್ನ ಕುತ್ತಿಗೆಗೆ ಬರುತ್ತೆ. ಖಾಲಿ ಅಂತ ಬರೆದಾಗಿದೆ, ಖಾಲಿ ಮಾಡಿಸ್ತೀವಿ ಬಿಡಿ. ನೀವು ತಲೆ ಕೆಡಿಸ್ಕೋಬೇಡಿ. ತಿಳಿಸಿದ್ದು ಒಳ್ಳೇದಾಯ್ತು.”

ಥ್ಯಾಂಕ್ಸ್ ಬೇರೆ ಹೇಳಿ ಕಳಿಸಿದನಂತೆ.

ನಾನು ಸುಮ್ಮನಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. “ನಿಮಗೆ ಅಕ್ಷರ ಬರೆಯೋಕೆ ಬರುತ್ತೆ, ಬುದ್ಧಿ ಮಾತ್ರ ಚೂರೂ ಇಲ್ಲ. ಕಾಗದದಲ್ಲಿ ಖಾಲಿ ಅಂತಿದ್ದದ್ದೇ ಅವಳ ಪುಣ್ಯ ಆಗಿತ್ತು. ನೀವೇ ಹೋಗಿ ಇದ್ದಾಳೆ ಅಂತ ಬೆರಳು ತೋರಿಸಿ ಬಂದ್ರಲ್ಲಾ!” ಎಂದು ಕೂಗಾಡಿದೆ. ಮಗಳು ಒಳಗಿನಿಂದ, ಅಮ್ಮಾ ಕೂಸು ಮಲಗಿದೆ ಎಂದಳು. ಇವರು ಬಣ್ಣದ ಡಬ್ಬಿಗಳ ನಡುವೆ ತಲೆಮೇಲೆ ಕೈಹೊತ್ತು ಕೂತಿದ್ದರು.

ಆ ವಾರ ಮುಗಿಯುವುದರೊಳಗೆ ಆಯಮ್ಮ ನಮ್ಮ ಮನೆಗೇ ಬಂದಳು. ಕೈಯಲ್ಲಿ ಬಾಗಿಲಿನಿಂದ ಕಿತ್ತ ನೋಟೀಸು, ಮೂಲೆಗಳಲ್ಲಿ ಇನ್ನೂ ಅಂಟು ಹಸಿಯಾಗಿತ್ತು. ಮೊದಲು ಕೂಸನ್ನು ಎತ್ತಿಕೊಂಡು ಮೂಗು, ಕಿವಿ, ಬೆರಳು ಎಲ್ಲ ನೋಡಿ, “ಅಜ್ಜನ ಹಾಗೆ ಬೆರಳು ಉದ್ದ” ಎಂದಳು. ಆಮೇಲೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ನೋಟೀಸು ಚಾಚಿದಳು.

“ಖಾಲಿ ಮಾಡು ಅಂತಿದ್ದಾರಪ್ಪಾ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದವಳು ಈಗ ಯಾರ ಕಣ್ಣಿಗೆ ಬಿದ್ದೆನೋ. ಯಾರೋ ಅರ್ಜಿ ಹಾಕಿದ್ರಂತೆ. ನಿನ್ನ ಅಕ್ಷರ ದುಂಡಗಿರುತ್ತೆ, ಅವರಿಗೂ ಓದೋಕೆ ಮನಸ್ಸಾಗುತ್ತೆ. ನನ್ನ ಪರವಾಗಿ ಒಂದು ಕಾಗದ ಬರೆದುಕೊಡು. ನಾನು ಎಲ್ಲೂ ಹೋಗೋಕಾಗಲ್ಲ ಅಂತ ಬರಿ.”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಇವರನ್ನೇ ದುರುಗುಟ್ಟಿಕೊಂಡು ನೋಡಿದೆ. ಈಗಲಾದರೂ ಹೇಳುತ್ತಾರೆ ಎಂದುಕೊಂಡೆ. ಇವರು ಕಾಗದ ತೆಗೆದರು. ಪೆನ್ಸಿಲಿನಲ್ಲಿ ಗೆರೆ ಎಳೆದರು. ಅಂಚು ಬಿಟ್ಟರು. ಅವಳು ಹೇಳಿದ್ದನ್ನೆಲ್ಲ ಅದೇ ಅಂದವಾದ ಅಕ್ಷರದಲ್ಲಿ ಬರೆದು, ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿ, ಹತ್ತಿಯಿಂದ ಅವಳ ಬೆರಳನ್ನು ಒರೆಸಿದರು. ಹೇಳಬೇಕಾದ ಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರು.

“ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಅವಳು ಹರಸಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವಳು ಹೋದ ಮೇಲೆ ಕೇಳಿದೆ, “ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಕೆಲಸ ಆದ ಮೇಲೆ ಹೇಳ್ತೀನಿ ಕಣೇ. ಈ ಕಾಗದ ನೋಡಿ ಅವರು ಬಿಟ್ಟರೆ, ಆಮೇಲೆ ಹೇಳಿದರೆ ಅವಳಿಗೂ ಅಷ್ಟು ನೋವಾಗಲ್ಲ.”

“ನಿಮಗೆ ಅಷ್ಟು ನಾಚಿಕೆ ಆಗಲ್ಲ ಅನ್ನಿ.”

ಕಾಗದ ಕೊಡಲು ಮೂವರೂ ಹೋದೆವು. ಇವರನ್ನು ಒಬ್ಬರೇ ಬಿಟ್ಟರೆ ಇನ್ನೇನು ಮಾಡಿಕೊಂಡು ಬರುತ್ತಾರೋ ಎಂದು ನಾನೂ ಚಪ್ಪಲಿ ಮೆಟ್ಟಿದೆ. ಪುರಸಭೆಯ ಆ ಕೋಣೆಯಲ್ಲಿ ಒಂದು ಉದ್ದ ಬೆಂಚು, ಫ್ಯಾನಿನ ಗಾಳಿಗೆ ಪಟಪಟ ಎನ್ನುವ ಕಾಗದಗಳು, ಅದರ ಮೇಲೆ ಕಲ್ಲು. ಗುಮಾಸ್ತ ಆಯಮ್ಮನ ಕಾಗದ ತೆಗೆದುಕೊಂಡ. ಒಂದು ಸಾಲು ಓದಿ ನಿಲ್ಲಿಸಿದ. ಕಾಗದವನ್ನು ಸ್ವಲ್ಪ ದೂರ ಹಿಡಿದು ನೋಡಿದ. ಆಮೇಲೆ ಎದ್ದುಹೋಗಿ ಬೀರುವಿನಿಂದ ಒಂದು ಫೈಲು ತಂದು, ಅದರಿಂದ ಇನ್ನೊಂದು ಹಾಳೆ ತೆಗೆದು ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟ.

“ಏನ್ ಸ್ವಾಮಿ ಇದು? ಖಾಲಿ ಯಾವುದು ಅಂತ ಕೇಳೋರೂ ನೀವೇ, ಜನ ಇದ್ದಾರೆ ಅಂತ ಹೇಳೋರೂ ನೀವೇ, ಖಾಲಿ ಮಾಡಿಸ್ಬೇಡಿ ಅಂತ ಬರೆಯೋರೂ ನೀವೇ? ಇಂಥ ಅಕ್ಷರ ಊರಲ್ಲಿ ಇನ್ಯಾರದ್ದಿದೆ? ನಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ?”

ಆಯಮ್ಮ ಮೇಜಿನ ಮೇಲೆ ಬಗ್ಗಿ ನೋಡಿದಳು. ಓದಲು ಬಾರದಿದ್ದರೇನು, ಕಣ್ಣಿಗೆ ಕಾಣುವುದಿಲ್ಲವೇ? ಎರಡು ಹಾಳೆಯಲ್ಲೂ ಅದೇ ಅಂಚು, ಅದೇ ಸಾಲು, ಅವಳಿ ಮಕ್ಕಳ ಹಾಗೆ ಅದೇ ದುಂಡು ಅಕ್ಷರ. ಅವಳು ಇವರ ಮುಖ ನೋಡಿದಳು. ಇವರು ನೆಲ ನೋಡಿದರು. ಇವರ ಕಿವಿ ಕೆಂಪಾಗಿ, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಬೆಂಚಿನ ಮೇಲೆ ಕೂತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಆ ಕ್ಷಣಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಆದದ್ದು ಅಷ್ಟೇ. ಕಾಗದವನ್ನು ಮೇಲಿನವರಿಗೆ ಕಳಿಸುತ್ತೇನೆ ಎಂದ ಗುಮಾಸ್ತ, ಏನೂ ಆಗುವುದಿಲ್ಲ ಎಂಬುದು ಅವನ ಧ್ವನಿಯಲ್ಲೇ ಇತ್ತು.

ವಾಪಸ್ ಬರುವಾಗ ಆಯಮ್ಮ ಮುಂದೆ, ನಾವಿಬ್ಬರೂ ಹಿಂದೆ. ದಾರಿಯಲ್ಲಿ ಎಷ್ಟೊಂದು ಬೋರ್ಡು, ಇವರು ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ. ಆಸ್ಪತ್ರೆಯ ಗೇಟಿನ ಹತ್ತಿರ ಅವಳು ನಿಂತಳು.

“ಯಾಕಪ್ಪಾ? ನಾನು ನಿನಗೇನು ಮಾಡಿದ್ದೆ?”

ಇವರು ಆಗ ಹೇಳಿದರು. ಕೂಸು, ವಾಸನೆ, ಡಾಕ್ಟರು, ಕೋಣೆ, ಅರ್ಜಿ, ಎಲ್ಲ. ಹಿಂದುಮುಂದಾಗಿ, ಕೈಮುಗಿದುಕೊಂಡು.

ಅವಳು ಎಲ್ಲ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಕೋಣೆ ಬೇಕಿತ್ತಾ ನಿನಗೆ? ಅಯ್ಯೋ ಪೆದ್ದ, ನನ್ನನ್ನ ಕೇಳಿದ್ರೆ ಆಗ್ತಿತ್ತಲ್ಲೋ. ಮುಂದಿನ ಹಜಾರದ ಬೀಗದ ಕೈ ನನ್ನ ಹತ್ರಾನೇ ಇದೆ. ಬಾಗಿಲು ತೆಗೆದುಕೊಡ್ತಿದ್ದೆ. ದಿನಾ ಈ ಗೇಟಿನ ಮುಂದೇನೇ ಓಡಾಡ್ತೀಯಲ್ಲ” ಎಂದು ಒಳಗೆ ಹೋದಳು.

ಇವರು ಗೇಟಿನ ಕಂಬಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಅಳುತ್ತಿದ್ದರು. ರಸ್ತೆಯಲ್ಲಿ ಹಾಗೆ ಅತ್ತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ, ಮನೆಗೆ ಬನ್ನಿ ಎಂದು ರಟ್ಟೆ ಹಿಡಿಯಲೂ ನನಗೆ ಮನಸ್ಸಾಗಲಿಲ್ಲ.

ಖಾಲಿ ಮಾಡಿಸುವ ದಿನ ಸಾಮಾನು ಸಾಗಿಸಲು ಇವರೇ ಹೋದರು. ಮಂಚ, ಸ್ಟೌ, ಸ್ಟೂಲು, ಎರಡು ಟ್ರಂಕು. ನಮ್ಮ ಮುಂದಿನ ಕೋಣೆಗೇ ಬಂದಿರು ಆಯಮ್ಮ, ನಿನ್ನನ್ನ ತಾಯಿ ಹಾಗೆ ನೋಡಿಕೊಳ್ತೀನಿ ಎಂದು ಕಾಲು ಹಿಡಿಯುವುದೊಂದೇ ಕಡಿಮೆ.

“ನಾನು ಬಂದ್ರೆ ನಿನ್ನ ಬಣ್ಣ ಎಲ್ಲಿಗೆ ಹೋಗುತ್ತೆ? ಅದಕ್ಕೆ ಜಾಗ ಬೇಕು ಅಂತ ಇನ್ಯಾರನ್ನ ಎಬ್ಬಿಸ್ತೀಯಾ?” ಎಂದಳಂತೆ. ಅವಳು ಸಿಟ್ಟಿನಿಂದ ಆಡಿದ್ದು ಅದೊಂದೇ ಮಾತು. ಊರಿನ ಆಚೆ ತುದಿಯಲ್ಲಿರುವ ತಮ್ಮನ ಮಗಳ ಮನೆಗೆ ಹೋದಳು. ಅಲ್ಲಿ ಅವಳ ಮಂಚ ಹಿಡಿಸಲಿಲ್ಲ, ಮೆಟ್ಟಿಲ ಕೆಳಗೆ ಹಾಸಿಕೊಂಡು ಮಲಗುತ್ತಾಳಂತೆ. ಮಂಚ ಈಗಲೂ ನಮ್ಮ ಹಿತ್ತಲಲ್ಲಿದೆ.

ಬಣ್ಣದ ಡಬ್ಬಿಗಳು ಜೆರಾಕ್ಸ್ ಅಂಗಡಿಯ ಹಿಂದಿನ ಚಪ್ಪರಕ್ಕೆ ಹೋದವು. ಅಲ್ಲಿ ಜಾಗ ಮೊದಲಿನಿಂದಲೂ ಇತ್ತು, ನಾವು ಕೇಳಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಕೂಸಿನ ಎದೆಯ ಗೊರಗೊರ ನಿಂತಿತು. ಆಸ್ಪತ್ರೆಯ ಕಟ್ಟಡ ಮಾತ್ರ ಈಗ ನಿಜವಾಗಿಯೂ ಖಾಲಿ. ಅಂಗಳದ ತುಂಬ ಒಣಗಿದ ಎಲೆ. ಹಳೆಯ ಬೋರ್ಡಿಗೆ ತುಕ್ಕು ಹಿಡಿದಿದೆ, ಹೊಸದು ಬರೆದುಕೊಡಿ ಎಂದು ಪುರಸಭೆಯಿಂದ ಹೇಳಿಕಳಿಸಿದಾಗ ಇವರು ಒಲ್ಲೆ ಎಂದರು. ಯಂತ್ರದಲ್ಲಿ ಅಚ್ಚು ಹಾಕಿಸಿ ತೂಗುಹಾಕಿದ್ದಾರೆ. ‘ಪ್ರವೇಶ ನಿಶೇದಿಸಲಾಗಿದೆ’ ಎಂದಿದೆ ಅದರಲ್ಲಿ. ನನ್ನಂಥವಳಿಗೇ ತಪ್ಪು ಕಾಣುತ್ತದೆ. ಇವರು ಅದರ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಾರೆ, ಲೊಚಗುಟ್ಟುವುದಿಲ್ಲ.

ಮೊನ್ನೆ ಮಧ್ಯಾಹ್ನ ಇವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಬೀದಿಯಲ್ಲಿ ಆಯಮ್ಮನ ಕೆಮ್ಮು ಕೇಳಿಸಿತು. ಕೂಸನ್ನು ನೋಡಲು ಬಂದಿದ್ದಾಳೆ, ಅಷ್ಟು ದೂರದಿಂದ ನಡೆದುಕೊಂಡು. ಇವರು ಸರಕ್ಕನೆ ಅಡುಗೆಮನೆಗೆ ನುಗ್ಗಿ ಬಾಗಿಲ ಹಿಂದೆ ನಿಂತರು. ಇಲ್ಲ ಅನ್ನು, ಇಲ್ಲ ಅನ್ನು ಎಂದು ನನಗೆ ಕೈಯಾಡಿಸಿದರು.

ಅವಳು ಹೊಸ್ತಿಲಲ್ಲಿ ನಿಂತು, ಬಣ್ಣದ ಡಬ್ಬಿಯಿಲ್ಲದ ಮುಂದಿನ ಕೋಣೆಯನ್ನು ಒಮ್ಮೆ ನೋಡಿ ಕೂಗಿದಳು.

“ಏನಮ್ಮಾ, ಯಾರೂ ಇಲ್ವಾ? ಮನೆ ಖಾಲಿನಾ?”

ನಾನು ಇವರನ್ನು ನೋಡಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

“ಖಾಲಿ ಇಲ್ಲ, ಬಾ ಆಯಮ್ಮ” ಎಂದೆ ಗಟ್ಟಿಯಾಗಿ. “ಇದ್ದಾರೆ. ಇಲ್ಲೇ ಇದ್ದಾರೆ.”

ಬಣ್ಣವೇ ಇಲ್ಲದ ಕೈಗಳನ್ನು ಒರೆಸಿಕೊಳ್ಳುತ್ತ ಇವರು ಹೊರಗೆ ಬಂದರು.